ಟೈರ್ ಲೈಟ್ ಹತ್ತಿದರೆ ಮೊದಲು ಗೇಜ್ ಹಿಡೀರಿ, ರಿಸೆಟ್ ಆಮೇಲೆ

ಪ್ರಶ್ನೆ: ನಾನು ಹಾಸನದವನು. ನನ್ನದು ಆರು ವರ್ಷ ಹಳೆಯ ಎಸ್‌ಯುವಿ. ಡ್ಯಾಶ್‌ಬೋರ್ಡಿನಲ್ಲಿ ನಾಲ್ಕೂ ಟೈರಿನ ಗಾಳಿ ಪಿಎಸ್‌ಐ ಲೆಕ್ಕದಲ್ಲಿ ಕಾಣುತ್ತದೆ. ಚಳಿ ಶುರುವಾದ ಮೇಲೆ ಬೆಳಿಗ್ಗೆ ಹೊರಟಾಗೆಲ್ಲ ಹಳದಿ ಟೈರ್ ಲೈಟ್ ಹತ್ತುತ್ತಿತ್ತು. ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ತಾನಾಗಿಯೇ ಆರುತ್ತಿತ್ತು. ಹೋದ ತಿಂಗಳು ನಾಲ್ಕೂ ಹೊಸ ಟೈರ್ ಹಾಕಿಸಿದೆ. ಈಗ ಲೈಟ್ ಮೊದಲು ಸ್ವಲ್ಪ ಹೊತ್ತು ಮಿಣುಕುತ್ತದೆ, ಆಮೇಲೆ ಉರಿಯುತ್ತಲೇ ಇರುತ್ತದೆ. ಹಿಂದಿನ ಬಲಗಡೆ ಟೈರಿನ ಜಾಗದಲ್ಲಿ ಅಂಕಿ ಇಲ್ಲ, ಬರೀ ಗೀಟು. ಟೈರ್ ಅಂಗಡಿಯವರು 'ರಿಸೆಟ್ ಮಾಡಿಸಿ ಸಾಕು' ಅನ್ನುತ್ತಾರೆ. ಸರ್ವಿಸ್ ಸೆಂಟರ್‌ನವರು 'ನಾಲ್ಕೂ ಸೆನ್ಸರ್ ಬದಲಾಯಿಸಿ' ಅನ್ನುತ್ತಾರೆ. ನಮ್ಮ ಭಾವನ ಕಾರಿನಲ್ಲಿ ಸೆಟ್ ಒತ್ತಿದರೆ ಕೆಲಸ ಮುಗಿಯಿತು, ನನ್ನದರಲ್ಲಿ ಆ ಬಟನ್ನೇ ಇಲ್ಲ. ಬ್ಯಾಟರಿ ವೈರ್ ಬಿಚ್ಚಿ ಹಾಕಿದರೆ ಸರಿಹೋಗುತ್ತದಾ? ಅಮೆರಿಕದಲ್ಲಿರುವ ತಂಗಿ ಬರುವಾಗ ಸೆನ್ಸರ್ ತರಿಸಿಕೊಳ್ಳಬಹುದಾ?

ಉತ್ತರ: ನೀವು ಒಂದೇ ಲೈಟ್ ಬಗ್ಗೆ ಕೇಳಿದ್ದೀರಿ. ಆದರೆ ಅದು ನಿಮಗೆ ಎರಡು ಬೇರೆ ಬೇರೆ ದೂರು ಹೇಳಿದೆ. ಚಳಿಗಾಲದ ಬೆಳಿಗ್ಗೆ ಹತ್ತಿ, ಅಲುಗಾಡದೆ ಉರಿದ ಲೈಟ್ 'ಗಾಳಿ ಕಮ್ಮಿ ಇದೆ' ಅಂದಿತ್ತು. ಈಗ ಒಂದು ನಿಮಿಷ ಮಿಣುಕಿ ಆಮೇಲೆ ನಿಂತು ಉರಿಯುವ ಲೈಟ್ 'ನನಗೇ ಹುಷಾರಿಲ್ಲ, ಒಂದು ಚಕ್ರದ ಸುದ್ದಿ ಬರ್ತಿಲ್ಲ' ಅನ್ನುತ್ತಿದೆ. ಮೊದಲನೆಯದಕ್ಕೆ ಮದ್ದು ಗಾಳಿ. ಎರಡನೆಯದಕ್ಕೆ ಸೆನ್ಸರ್ ಪರೀಕ್ಷೆ. ಎರಡಕ್ಕೂ ರಿಸೆಟ್ ಮದ್ದಲ್ಲ.

ಬೆಳಗಿನ ಲೈಟ್‌ನಿಂದಲೇ ಶುರು ಮಾಡೋಣ. ಅದನ್ನು ಜನ 'ಸೆನ್ಸರ್ ಸರಿಯಿಲ್ಲ' ಎಂದು ತಳ್ಳಿಹಾಕುವುದೇ ಜಾಸ್ತಿ. ನಿಜ ಹೇಳಬೇಕೆಂದರೆ ನಿಮ್ಮ ಸೆನ್ಸರ್ ಆಗ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ನಿಮ್ಮ ಕಾರಿನ ಸ್ಟಿಕ್ಕರ್‌ನಲ್ಲಿ 33 ಪಿಎಸ್‌ಐ ಎಂದು ಬರೆದಿದೆ ಅಂತ ಇಟ್ಟುಕೊಳ್ಳಿ. ಈ ಸ್ಟಿಕ್ಕರ್ ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆ. ಟೈರಿನ ಪಕ್ಕದಲ್ಲಿ ಅಚ್ಚು ಒತ್ತಿರುವ 44 ಅಥವಾ 51 ಅನ್ನುವ ಅಂಕಿ ಬೇರೆ. ಅದು ಆ ಟೈರಿಗೆ ತುಂಬಬಹುದಾದ ಗರಿಷ್ಠ ಗಾಳಿ, ನಿಮ್ಮ ಕಾರಿಗೆ ಬೇಕಾದದ್ದಲ್ಲ. ಸ್ಟಿಕ್ಕರ್‌ನ 33 ಅನ್ನುವುದು ತಣ್ಣಗಿನ ಟೈರಿನ ಲೆಕ್ಕ. ಅಂದರೆ ಗಾಡಿ ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ಓಡಿರಬಾರದು.

ನಾವು ಮಾಡೋದೇನು? ಮಧ್ಯಾಹ್ನ ಎಲ್ಲೋ ಹೋಗಿ ಬರುವಾಗ ಬಂಕ್‌ನಲ್ಲಿ ನಿಲ್ಲಿಸುತ್ತೇವೆ. ಟೈರ್ ಅಷ್ಟು ಹೊತ್ತಿಗೆ 45 ಡಿಗ್ರಿ ಕಾದಿರುತ್ತದೆ. ಹುಡುಗ ಮೆಷಿನ್‌ನಲ್ಲಿ 33 ಒತ್ತುತ್ತಾನೆ, ಕಿಣ್ ಅನ್ನುತ್ತದೆ, ನಾವು ಹೊರಡುತ್ತೇವೆ. ಮರುದಿನ ಬೆಳಿಗ್ಗೆ ಹಾಸನದ ಚಳಿಯಲ್ಲಿ 14 ಡಿಗ್ರಿ ಇರುವಾಗ ಅದೇ ಟೈರಿನಲ್ಲಿ 28, 29 ಇರುತ್ತದೆ. ಒಂದು ಹನಿ ಗಾಳಿಯೂ ಸೋರಿಲ್ಲ. ಸುಮಾರು 6 ಡಿಗ್ರಿ ತಣ್ಣಗಾದರೆ 1 ಪಿಎಸ್‌ಐ ಇಳಿಯುತ್ತದೆ, ಅಷ್ಟೆ. ಇದರ ಜೊತೆಗೆ ಒಳ್ಳೆಯ ಟೈರ್ ಕೂಡ ತಿಂಗಳಿಗೆ 1 ಪಿಎಸ್‌ಐ, ಕೆಲವೊಮ್ಮೆ 2, ತಾನಾಗಿಯೇ ಕಳೆದುಕೊಳ್ಳುತ್ತದೆ. ಎರಡು ತಿಂಗಳು ಗಾಳಿ ನೋಡದಿದ್ದರೆ ಬೆಳಿಗ್ಗೆ ಸಿಗುವುದು 26 ಅಥವಾ ಅದಕ್ಕೂ ಕಮ್ಮಿ.

ಲೈಟ್ ಯಾವಾಗ ಹತ್ತಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಅಮೆರಿಕದ ನಿಯಮದಲ್ಲಿ ಶೇ. 25ರಷ್ಟು ಇಳಿದಾಗ, ಯುರೋಪಿನ ನಿಯಮದಲ್ಲಿ ಶೇ. 20ರಷ್ಟು ಇಳಿದಾಗ. 33ಕ್ಕೆ ಲೆಕ್ಕ ಹಾಕಿದರೆ 25ರಿಂದ 26ರ ಆಸುಪಾಸು. ಈಗ ಗೊತ್ತಾಯಿತಲ್ಲ? ಬೆಳಿಗ್ಗೆ ನಿಮ್ಮ ಟೈರ್ ಸರಿಯಾಗಿ ಆ ಗಡಿಯಲ್ಲೇ ನಿಂತಿತ್ತು. ಹೈವೇಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಟೈರ್ ಬಿಸಿಯಾಗಿ 3, 4 ಪಿಎಸ್‌ಐ ಏರಿತು, ಲೈಟ್ ಆರಿತು. ಗಾಳಿ ಮಾತ್ರ ಕಮ್ಮಿಯೇ ಇತ್ತು. ಲೈಟ್ ಆರಿದ್ದನ್ನು 'ಸರಿಹೋಯಿತು' ಎಂದು ಓದಬಾರದು.

ಅದಕ್ಕೇ ಬೆಳಿಗ್ಗೆ ಮನೆ ಹತ್ತಿರದ ಬಂಕ್‌ನಲ್ಲಿ, ಮೊದಲ ಕೆಲಸವಾಗಿ ಗಾಳಿ ಹಾಕಿಸಿ. ಬಿಸಿ ಟೈರಿಗೇ ಹಾಕಿಸುವ ಪ್ರಸಂಗ ಬಂದರೆ ಸ್ಟಿಕ್ಕರ್‌ನ ಅಂಕಿಗಿಂತ 4 ಪಿಎಸ್‌ಐ ಜಾಸ್ತಿ ಹಾಕಿಸಿ, ಮರುದಿನ ತಣ್ಣಗಿರುವಾಗ ನೋಡಿ ಸರಿಮಾಡಿಕೊಳ್ಳಿ. ಓಡಿ ಬಂದ ಟೈರಿನಲ್ಲಿ 37 ಕಂಡಿತು ಎಂದು ಗಾಳಿ ಬಿಡಿಸಲೇಬೇಡಿ. ಗಾಳಿ ಅಳೆಯುವ ಒಂದು ಸಣ್ಣ ಗೇಜ್ ಕೊಂಡು ಕಾರಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಬಂಕ್‌ನ ಮೆಷಿನ್ ಎಲ್ಲಾ ಒಂದೇ ಅಳತೆ ತೋರಿಸುವುದಿಲ್ಲ. ನಿಮ್ಮದೇ ಗೇಜ್ ಇದ್ದರೆ ಕನಿಷ್ಠ ಪ್ರತಿ ಸಲವೂ ಒಂದೇ ತಕ್ಕಡಿ.

ನೈಟ್ರೋಜನ್ ಹಾಕಿಸಿದರೆ ಈ ತಾಪತ್ರಯ ಇಲ್ಲ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್. ಚಳಿಗೆ ಅದೂ ಹಾಗೇ ಕುಗ್ಗುತ್ತದೆ.

ನಿಮ್ಮ ಊರಿನವರಿಗೆ ಇನ್ನೊಂದು ಸೂಕ್ಷ್ಮ ಇದೆ. ಹಾಸನ ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರ. ಅಲ್ಲಿ 33 ಹಾಕಿಸಿ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ, ಹೊರಗಿನ ವಾತಾವರಣದ ಒತ್ತಡ ಏರುವುದರಿಂದ ಗೇಜ್ ಸುಮಾರು ಒಂದೂವರೆ ಪಿಎಸ್‌ಐ ಕಮ್ಮಿ ತೋರಿಸುತ್ತದೆ. ಮಂಗಳೂರಿನ ಸೆಖೆ ಅದನ್ನು ಸರಿದೂಗಿಸಿಬಿಡುವುದರಿಂದ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಆದರೆ ಮೊದಲೇ ಗಾಳಿ ಕಮ್ಮಿ ಇರುವ ಟೈರ್ ಘಾಟಿ ಇಳಿದು ಒಂದು ರಾತ್ರಿ ನಿಂತರೆ ಬೆಳಿಗ್ಗೆ ಲೈಟ್ ಹತ್ತಿದರೂ ಹತ್ತೀತು. ಗಾಬರಿ ಬೇಡ. ಗೇಜ್ ಹಿಡಿದು ನೋಡಿ.

ಈಗ ಭಾವನ ಕಾರಿಗೆ ಬರೋಣ. ಸೆಟ್ ಬಟನ್ ಇರುವ ಕಾರಿನಲ್ಲಿ ಸಾಮಾನ್ಯವಾಗಿ ಟೈರಿನ ಒಳಗೆ ಸೆನ್ಸರೇ ಇರುವುದಿಲ್ಲ. ಟಾಟಾದವರು ಐಟಿಪಿಎಂಎಸ್ ಎಂದು ಕರೆಯುವುದು (ಟಿಪಿಎಂಎಸ್ ಅಂದರೆ ಟೈರಿನ ಗಾಳಿ ಮೇಲೆ ಕಣ್ಣಿಟ್ಟು ಲೈಟ್ ಹತ್ತಿಸುವ ವ್ಯವಸ್ಥೆ), ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್‌ನಲ್ಲಿ ಇರುವುದು ಈ ಜಾತಿಯದು. ಗಾಳಿ ಕಮ್ಮಿಯಾದ ಟೈರ್ ಸ್ವಲ್ಪ ಚಪ್ಪಟೆಯಾಗುತ್ತದೆ, ಸುತ್ತಳತೆ ಕೂದಲೆಳೆಯಷ್ಟು ಕಿರಿದಾಗುತ್ತದೆ. ಉಳಿದ ಮೂರರ ಜೊತೆ ಹೆಜ್ಜೆ ಹಾಕಲು ಅದು ಸ್ವಲ್ಪ ಜಾಸ್ತಿ ಸುತ್ತಬೇಕು. ಎಬಿಎಸ್ ಬ್ರೇಕಿಗಾಗಿ ಪ್ರತಿ ಚಕ್ರದಲ್ಲೂ ವೇಗ ಅಳೆಯುವ ಸೆನ್ಸರ್ ಹೇಗೂ ಇದೆ. ಕಂಪ್ಯೂಟರ್ ಆ ವ್ಯತ್ಯಾಸವನ್ನು ಹಿಡಿದು ಲೈಟ್ ಹತ್ತಿಸುತ್ತದೆ. ಇಷ್ಟು ಪಿಎಸ್‌ಐ ಇದೆ ಎಂದು ಅದಕ್ಕೆ ಹೇಳಲು ಬರುವುದಿಲ್ಲ. ಯಾವುದು ಸರಿ ಎಂದು ಅದಕ್ಕೆ ಹುಟ್ಟಿನಿಂದ ಗೊತ್ತೂ ಇಲ್ಲ. ಅದನ್ನು ಕಲಿಸುವುದೇ ಸೆಟ್ ಬಟನ್. 'ಈಗ ಇರುವುದನ್ನೇ ಸರಿ ಎಂದು ನೆನಪಿಟ್ಟುಕೋ' ಎಂಬ ಅಪ್ಪಣೆ ಅದು.

ಅಪಾಯ ಇರುವುದು ಇಲ್ಲೇ. ಒಂದು ಟೈರಿನಲ್ಲಿ ಮೊಳೆ ಹೊಕ್ಕಿದೆ, 24ಕ್ಕೆ ಇಳಿದಿದೆ, ಲೈಟ್ ಹತ್ತಿದೆ. ಗಾಳಿ ನೋಡದೆ ಸೆಟ್ ಒತ್ತಿದರೆ ಲೈಟ್ ಆರುತ್ತದೆ. ಕಾರು 24 ಅನ್ನೇ ಸರಿ ಎಂದು ಕಲಿತುಕೊಳ್ಳುತ್ತದೆ. ಇನ್ನು ಅದು ಬಾಯಿ ಬಿಡಬೇಕಾದರೆ ಟೈರ್ ಇನ್ನೂ ಎಷ್ಟೋ ಇಳಿಯಬೇಕು. ಬೆಂಗಳೂರು ರಸ್ತೆಯಲ್ಲಿ 100ರ ವೇಗದಲ್ಲಿ ಹೋಗುವಾಗ ಅದು ನಿಮಗೆ ಬೇಡದ ಪಾಠ. ಭಾವನವರಿಗೆ ಹೇಳಿ: ನಾಲ್ಕೂ ಟೈರಿಗೆ ತಣ್ಣಗಿರುವಾಗ ಗಾಳಿ ಸರಿಮಾಡಿ, ಗಾಡಿ ನಿಂತಿರುವಾಗ, ಇಗ್ನಿಷನ್ ಆನ್ ಇಟ್ಟು ಸೆಟ್ ಒತ್ತಬೇಕು. ಗಾಳಿ ಹಾಕಿಸಿದಾಗ, ಟೈರ್ ಬದಲಿಸಿದಾಗ, ಹಿಂದಿನದನ್ನು ಮುಂದಕ್ಕೆ ಹಾಕಿಸಿದಾಗ ಒತ್ತಲೇಬೇಕು. ಲೈಟ್ ಹತ್ತಿದಾಗ ಆರಿಸಲಿಕ್ಕೆ ಅಂತ ಒತ್ತಬಾರದು. ಒತ್ತಿದ ತಕ್ಷಣ ಕಲಿಕೆ ಮುಗಿಯುವುದೂ ಇಲ್ಲ, ಸ್ವಲ್ಪ ಹೊತ್ತು ರಸ್ತೆಯಲ್ಲಿ ಓಡಿಸಬೇಕು. ಈ ವ್ಯವಸ್ಥೆಗೆ ಇನ್ನೊಂದು ಕುರುಡುತನವೂ ಇದೆ. ನಾಲ್ಕೂ ಟೈರ್ ಒಟ್ಟಿಗೆ, ಒಂದೇ ಸಮ ಇಳಿದರೆ ಹೋಲಿಸಲು ಏನೂ ಇರುವುದಿಲ್ಲ. ಹಳೆಯ ಕಾರುಗಳಂತೂ ಆಗ ತೆಪ್ಪಗೆ ಇದ್ದುಬಿಡುತ್ತವೆ.

ನಿಮ್ಮದು ಅಂಕಿ ತೋರಿಸುವ ಜಾತಿ. ಹ್ಯುಂಡೈನವರು ಹೈಲೈನ್ ಎಂದು ಕರೆಯುತ್ತಾರಲ್ಲ, ಆ ಥರದ್ದು. ಪ್ರತಿ ಚಕ್ರದ ವಾಲ್ವ್ ಬುಡದಲ್ಲಿ, ರಿಮ್ಮಿನ ಒಳಗಡೆ, ಹೆಬ್ಬೆರಳಿನಷ್ಟು ದೊಡ್ಡ ಒಂದು ಪೆಟ್ಟಿಗೆ ಇರುತ್ತದೆ. ಅದರೊಳಗೆ ಒತ್ತಡ ಅಳೆಯುವ ಚಿಪ್, ಸಣ್ಣ ರೇಡಿಯೋ, ಬಿಲ್ಲೆಯಂಥ ಲಿಥಿಯಂ ಬ್ಯಾಟರಿ. ಗಾಡಿ ನಿಂತಾಗ ಬ್ಯಾಟರಿ ಉಳಿಸಲು ಅದು ಮಲಗಿಬಿಡುತ್ತದೆ, ಚಕ್ರ ಉರುಳಿದರೆ ಏಳುತ್ತದೆ. ಗಾಳಿ ಹಾಕಿಸಿದ ತಕ್ಷಣ ಲೈಟ್ ಆರದೆ, ಒಂದಷ್ಟು ದೂರ ಓಡಿಸಿದ ಮೇಲೆ ಆರುವುದು ಇದಕ್ಕೇ. ಬಂಕ್‌ನಲ್ಲಿ ನಿಂತು 'ಇನ್ನೂ ಆರಿಲ್ಲ' ಎಂದು ಹುಡುಗನ ಜೊತೆ ಜಗಳ ಮಾಡಬೇಡಿ. ಸರಿಯಾದ ಅಂಕಿ ಎಷ್ಟು ಎಂದು ಈ ಥರದ ಕಾರಿಗೆ ಮೊದಲೇ ಗೊತ್ತಿರುವುದರಿಂದ ಬಹುತೇಕ ಮಾದರಿಗಳಲ್ಲಿ ರಿಸೆಟ್ ಬಟನ್ ಇಡುವುದಿಲ್ಲ.

ಸರಿ, ಹಿಂದಿನ ಬಲಗಡೆಯ ಗೀಟು. ನಾಳೆ ಬೆಳಿಗ್ಗೆ ಯಾರ ಹತ್ತಿರವೂ ಹೋಗುವ ಮೊದಲು ನೀವೇ ಒಂದು ಕೆಲಸ ಮಾಡಿ. ನಾಲ್ಕೂ ಚಕ್ರದ ವಾಲ್ವ್ ನೋಡಿ. ನಿಮ್ಮ ಕಾರಿನದು ಲೋಹದ ವಾಲ್ವ್ ಆಗಿದ್ದರೆ ಬುಡದಲ್ಲಿ ಸಣ್ಣ ನಟ್ ಕಾಣುತ್ತದೆ. ಮೂರರಲ್ಲಿ ಲೋಹದ ವಾಲ್ವ್ ಇದ್ದು, ಹಿಂದಿನ ಬಲಗಡೆ ಮಾತ್ರ ಕಪ್ಪು ರಬ್ಬರಿನ ಸಾದಾ ವಾಲ್ವ್ ಇದ್ದರೆ ಕಥೆ ಅಲ್ಲಿಗೇ ಮುಗಿಯಿತು. ಟೈರ್ ಬಿಚ್ಚುವಾಗ ಸೆನ್ಸರ್ ಮುರಿದಿದೆ, ಅದನ್ನು ತೆಗೆದು ರಬ್ಬರ್ ವಾಲ್ವ್ ಹಾಕಿ ಕಳಿಸಿದ್ದಾರೆ. ಎಲ್ಲ ಅಂಗಡಿಯವರೂ ಹೀಗೆ ಮಾಡುತ್ತಾರೆ ಅಂತಲ್ಲ, ಆದರೆ ಆಗುತ್ತದೆ. ಇಲ್ಲವೇ ಗಡಿಬಿಡಿಯಲ್ಲಿ ಸ್ಟೆಪ್ನಿಯನ್ನೇ ಅಲ್ಲಿ ಹಾಕಿರಬಹುದು. ಸ್ಟೆಪ್ನಿಯಲ್ಲಿ ಸಾಮಾನ್ಯವಾಗಿ ಸೆನ್ಸರ್ ಇರುವುದಿಲ್ಲ. ಕೆಲವು ಕಂಪನಿಗಳ ಸೆನ್ಸರ್‌ಗೂ ರಬ್ಬರ್ ವಾಲ್ವೇ ಇರುತ್ತದೆ. ಹಾಗಾಗಿ ಒಂದನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ, ನಾಲ್ಕನ್ನೂ ಹೋಲಿಸಿ.

ಸೆನ್ಸರ್ ಮುರಿಯುವುದು ಹೇಗೆ ಎಂದು ಒಮ್ಮೆ ನಿಂತು ನೋಡಿದರೆ ಅರ್ಥವಾಗುತ್ತದೆ. ಟೈರನ್ನು ರಿಮ್ಮಿನಿಂದ ಬಿಡಿಸಲು ಮೆಷಿನ್‌ನ ಅಗಲ ಕೈ ಟೈರಿನ ಪಕ್ಕಕ್ಕೆ ಜೋರಾಗಿ ಒತ್ತುತ್ತದೆ. ಆ ಕೈ ವಾಲ್ವ್ ಹತ್ತಿರ ಬಂದರೆ ಒಳಗೆ ಜಾರಿದ ಟೈರಿನ ಅಂಚು ನೇರವಾಗಿ ಸೆನ್ಸರ್ ಮೇಲೆ ಕೂರುತ್ತದೆ. ಚಟ್ ಅನ್ನುವ ಸದ್ದು ಕಂಪ್ರೆಸರ್ ಗಲಾಟೆಯಲ್ಲಿ ಕೇಳಿಸುವುದೂ ಇಲ್ಲ. ವಾಲ್ವ್‌ನಿಂದ ದೂರದಲ್ಲಿ ಒತ್ತಿದರೆ ಏನೂ ಆಗುವುದಿಲ್ಲ. ಟೈರ್ ಬಿಚ್ಚುವ ಮೊದಲು 'ಅಣ್ಣಾ, ಒಳಗೆ ಸೆನ್ಸರ್ ಇದೆ, ವಾಲ್ವ್ ಕಡೆ ಒತ್ತಬೇಡಿ' ಎಂದು ಹೇಳುವುದು ನಮ್ಮ ಕೆಲಸ. ಹಾಗೆ ಹೇಳಿದ ಮೇಲೂ ಮುರಿದರೆ ಕೇಳುವ ಹಕ್ಕು ನಮಗಿರುತ್ತದೆ.

ವಾಲ್ವ್ ನಾಲ್ಕೂ ಒಂದೇ ಥರ ಇದ್ದರೆ ಬ್ಯಾಟರಿ ಮೇಲೆ ಅನುಮಾನ. ಸೆನ್ಸರ್ ಬ್ಯಾಟರಿಯ ಆಯಸ್ಸು ಅಂದಾಜು 5ರಿಂದ 10 ವರ್ಷ. ನಿಮ್ಮ ಗಾಡಿಗೆ ಆರು. ಬ್ಯಾಟರಿಯನ್ನು ಅಂಟಿನಲ್ಲಿ ಮುಚ್ಚಿ ಸೀಲ್ ಮಾಡಿರುತ್ತಾರೆ, ಬಿಚ್ಚಿ ಬೇರೆ ಹಾಕಲು ಆಗುವುದಿಲ್ಲ. ಇಡೀ ಸೆನ್ಸರ್ ಬದಲಾಯಿಸಬೇಕು.

ಮುರಿದಿದೆಯೋ, ಸತ್ತಿದೆಯೋ, ಬರೀ ಗುರುತು ತಪ್ಪಿದೆಯೋ ಎಂದು ಟೈರ್ ಬಿಚ್ಚದೆ ಹೇಳುವ ಒಂದು ಉಪಕರಣ ಇದೆ. ಟಿಪಿಎಂಎಸ್ ಟೂಲ್ ಅನ್ನುತ್ತಾರೆ. ನೋಡಲು ಹಳೆಯ ಕಾಲದ ದಪ್ಪ ಮೊಬೈಲ್ ಫೋನ್ ಥರ. ಅದನ್ನು ವಾಲ್ವ್ ಪಕ್ಕ ಹಿಡಿದು ಒತ್ತಿದರೆ ಮಲಗಿರುವ ಸೆನ್ಸರ್ ಎದ್ದು ಉತ್ತರ ಕೊಡುತ್ತದೆ. ಅದರ ಗುರುತಿನ ಸಂಖ್ಯೆ, ಒತ್ತಡ, ಉಷ್ಣತೆ, ಬಹುತೇಕ ಸಲ ಬ್ಯಾಟರಿ ಸ್ಥಿತಿ ಕೂಡ ಪರದೆಯ ಮೇಲೆ ಬರುತ್ತದೆ. ನಾಲ್ಕು ಚಕ್ರಕ್ಕೆ ಐದು ನಿಮಿಷ ಸಾಕು. ಇದನ್ನು ಮಾಡದೆ 'ನಾಲ್ಕೂ ಬದಲಾಯಿಸಿ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಾಡದೆ 'ರಿಸೆಟ್ ಮಾಡಿಸಿ' ಅನ್ನುವುದನ್ನೂ ಒಪ್ಪುವುದಿಲ್ಲ. ಸುದ್ದಿಯೇ ಬರದ ಸೆನ್ಸರ್ ಮುಂದೆ ರಿಸೆಟ್ ಏನು ಮಾಡೀತು?

ಟೂಲ್‌ಗೆ ಹಿಂದಿನ ಬಲಗಡೆಯದು ಉತ್ತರ ಕೊಟ್ಟರೆ ಒಳ್ಳೆಯ ಸುದ್ದಿ. ಸೆನ್ಸರ್ ಬದುಕಿದೆ, ಕಾರಿಗೆ ಮಾತ್ರ ಅದರ ಗುರುತು ಸಿಗುತ್ತಿಲ್ಲ. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಅದರ ಗುರುತಿನ ಸಂಖ್ಯೆ ಬರೆದರೆ ಮುಗಿಯಿತು. ಸರ್ವಿಸ್ ಸೆಂಟರ್‌ನವರು ರಿಸೆಟ್ ಅನ್ನುವುದು ಅನೇಕ ಸಲ ಇದನ್ನೇ. ಕೆಲವು ಮಾದರಿಗಳು ಸ್ಕ್ಯಾನರ್ ಇಲ್ಲದೆಯೇ, ಒಂದಷ್ಟು ಹೊತ್ತು ಓಡಿಸಿದರೆ ತಾವಾಗಿಯೇ ಕಲಿಯುತ್ತವೆ.

ಉತ್ತರ ಬರದಿದ್ದರೆ ಅದೊಂದನ್ನು ಬದಲಾಯಿಸಿ. ಉಳಿದ ಮೂರರ ಬ್ಯಾಟರಿ ಚೆನ್ನಾಗಿದೆ ಎಂದು ಟೂಲ್ ತೋರಿಸಿದರೆ ಅವನ್ನು ಮುಟ್ಟಬೇಡಿ. ಒಂದೇ ದಿನ ಹುಟ್ಟಿದವು, ಒಂದರ ಹಿಂದೆ ಒಂದು ಹೋಗುತ್ತವೆ ಅನ್ನುವ ಸರ್ವಿಸ್ ಸೆಂಟರ್ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಹೊಸ ಟೈರ್ ಹಾಕಿಸುವ ದಿನವೇ ಕೇಳಿದ್ದರೆ, ಬ್ಯಾಟರಿ ಸೊರಗಿರುವುದು ಕಂಡಿದ್ದರೆ, ನಾಲ್ಕನ್ನೂ ಹಾಕಿಸಿ ಅನ್ನುತ್ತಿದ್ದೆ. ಹೇಗೂ ಟೈರ್ ಬಿಚ್ಚಿರುತ್ತದೆ. ಆ ದಿನ ಕಳೆದುಹೋಗಿದೆ. ಈಗ ಚೆನ್ನಾಗಿರುವುದನ್ನು ಬಿಚ್ಚಿ ಎಸೆಯುವುದು ಯಾಕೆ? ಬಿಚ್ಚಿ ಹಾಕುವ ಕೂಲಿ, ಬ್ಯಾಲೆನ್ಸಿಂಗ್ ಎಲ್ಲ ಸೇರಿದರೂ ಸೆನ್ಸರ್ ಬೆಲೆಯ ಮುಂದೆ ಸಣ್ಣದು.

ಹೊಸ ಸೆನ್ಸರ್ ಹಾಕಿಸುವಾಗ ಎರಡು ದಾರಿ. ಒಂದು, ಕಂಪನಿ ಸೆನ್ಸರ್ ತಂದು ಅದರ ಸಂಖ್ಯೆಯನ್ನು ಕಾರಿಗೆ ಬರೆಸುವುದು. ಇನ್ನೊಂದು, ಹೊರಗಿನ ಯೂನಿವರ್ಸಲ್ ಸೆನ್ಸರ್‌ಗೆ ಹಳೆಯ ಸೆನ್ಸರ್‌ನ ಸಂಖ್ಯೆಯನ್ನೇ ನಕಲು ಮಾಡುವುದು. ಆಗ ಬದಲಾಗಿದ್ದು ಕಾರಿಗೆ ಗೊತ್ತೇ ಆಗುವುದಿಲ್ಲ. ನಕಲಿಗೆ ಹಳೆಯ ಸಂಖ್ಯೆ ಬೇಕು. ಸತ್ತ ಸೆನ್ಸರ್ ಬಾಯಿ ಬಿಡುವುದಿಲ್ಲ, ಆದರೆ ಸಾಮಾನ್ಯವಾಗಿ ಅದರ ಮೈಮೇಲೆ ಸಂಖ್ಯೆ ಅಚ್ಚಾಗಿರುತ್ತದೆ. ಹಾಗಾಗಿ ಮುರಿದ ತುಂಡನ್ನು ಕೇಳಿ ಇಸ್ಕೊಳ್ಳಿ, ಕಸಕ್ಕೆ ಹಾಕಿಸಬೇಡಿ.

ತಂಗಿ ಕೈಲಿ ತರಿಸುವ ಯೋಚನೆ ಬಿಡಿ. ಟೈರ್ ಲೈಟಿನ ಕಾನೂನು ಮೊದಲು ಬಿಗಿಯಾಗಿದ್ದು ಅಮೆರಿಕದಲ್ಲೇ, ನಿಜ. 2000ನೇ ಇಸವಿಯ ಹೊತ್ತಿಗೆ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಫೈರ್‌ಸ್ಟೋನ್ ಟೈರ್ ಸೀಳಿ ಪ್ರಾಣ ಹೋದ ಅಪಘಾತಗಳಾದವು. ಆಮೇಲೆ ಅಲ್ಲಿ ಕಾನೂನು ಬಂತು, 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು. ಹಾಗಾಗಿ ಅಲ್ಲಿ ಸೆನ್ಸರ್ ಸುಲಭವಾಗಿ ಸಿಗುತ್ತದೆ. ಆದರೆ ಅಲ್ಲಿನ ಅನೇಕ ಕಾರುಗಳ ಸೆನ್ಸರ್ ಮಾತಾಡುವುದು 315 ಮೆಗಾಹರ್ಟ್ಸ್‌ನಲ್ಲಿ, ಇಲ್ಲಿನ ಕಾರುಗಳದು 433ರಲ್ಲಿ. ಹೆಸರು ಒಂದೇ, ಆಕಾರ ಒಂದೇ, ಆದರೆ ನಿಮ್ಮ ಕಾರಿಗೆ ಅದರ ಮಾತು ಕೇಳಿಸುವುದೇ ಇಲ್ಲ. ಇಲ್ಲಿಯೇ, ನಿಮ್ಮ ಕಾರಿನ ಪಾರ್ಟ್ ನಂಬರ್ ಕೊಟ್ಟು ಕೊಳ್ಳಿ.

ಬ್ಯಾಟರಿ ವೈರ್ ಬಿಚ್ಚುವುದೂ ಬೇಡ. ಲೈಟ್ ಹೋದಂತೆ ಕಾಣಬಹುದು. ಸ್ವಲ್ಪ ದೂರ ಓಡಿಸಿದ ಮೇಲೆ ಕಾರು ನಾಲ್ಕನೆಯ ಸೆನ್ಸರ್ ಹುಡುಕಿ, ಸಿಗದೆ ಮತ್ತೆ ಮಿಣುಕುತ್ತದೆ. ನಡುವೆ ಗಡಿಯಾರ, ರೇಡಿಯೋ, ಕಿಟಕಿಯ ಆಟೋ ಸೆಟ್ಟಿಂಗ್ ಹೋಗಿರುತ್ತದೆ, ಅಷ್ಟೇ ಲಾಭ.

ಹೊಸ ಟೈರ್ ಹಾಕಿಸಿದ್ದೀರಿ, ಹಾಗಾಗಿ ಇನ್ನೆರಡು ಮಾತು. ಪಂಚರ್ ಆಗಲ್ಲ ಎಂದು ಅಂಗಡಿಯಲ್ಲಿ ಜೆಲ್ ಸುರಿಯಲು ಬಂದರೆ ಬೇಡ ಅನ್ನಿ. ಅದು ಸೆನ್ಸರ್‌ನ ಸೂಜಿಮೊನೆಯಂಥ ರಂಧ್ರಕ್ಕೆ ಮೆತ್ತಿಕೊಂಡರೆ ತಪ್ಪು ಅಂಕಿ ಬರುತ್ತದೆ. ಸ್ಟೆಪ್ನಿ ಇಲ್ಲದ ಕಾರುಗಳದು ಬೇರೆ ಮಾತು. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರ್, ಟಿಪಿಎಂಎಸ್ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಅಂದಿತು. ಅಂಥವರು ದಾರಿಯಲ್ಲಿ ಕಿಟ್‌ನ ದ್ರವ ಬಳಸಲೇಬೇಕಾಗುತ್ತದೆ. ಆಮೇಲೆ ಟೈರ್ ಬಿಚ್ಚಿಸಿದಾಗ ಸೆನ್ಸರ್ ಒರೆಸಿ ಶುಚಿ ಮಾಡಿಸಬೇಕು.

ವಾಲ್ವ್‌ಗೆ ಮಿಂಚುವ ಲೋಹದ ಕ್ಯಾಪ್ ಹಾಕಿಸಬೇಡಿ. ಸೆನ್ಸರ್ ವಾಲ್ವ್ ಹೆಚ್ಚಾಗಿ ಅಲ್ಯೂಮಿನಿಯಂನದು. ಬೇರೆ ಲೋಹದ ಕ್ಯಾಪ್ ಕೂತರೆ, ಅದರಲ್ಲೂ ಕರಾವಳಿಯ ಉಪ್ಪುಗಾಳಿಯಲ್ಲಿ, ಎರಡೂ ಬೆಸೆದುಕೊಂಡುಬಿಡುತ್ತವೆ. ಕ್ಯಾಪ್ ತಿರುಗಿಸಲು ಹೋದರೆ ವಾಲ್ವೇ ಮುರಿದು ಕೈಗೆ ಬರುತ್ತದೆ. ಪ್ಲಾಸ್ಟಿಕ್ ಕ್ಯಾಪ್‌ಗಿಂತ ಒಳ್ಳೆಯದಿಲ್ಲ.

ಸೆನ್ಸರ್ ಬರುವವರೆಗೆ ಕಾರು ಓಡಿಸಬಹುದಾ? ಓಡಿಸಬಹುದು. ಮೂರು ಟೈರಿನ ಅಂಕಿ ಕಾಣುತ್ತಿದೆ, ನಾಲ್ಕನೆಯದನ್ನು ವಾರಕ್ಕೊಮ್ಮೆ ಗೇಜ್‌ನಿಂದ ನೋಡಿಕೊಳ್ಳಿ. ಆದರೆ ಕಾಣುತ್ತಿರುವ ಅಂಕಿ ಆಯಾ ಚಕ್ರದ್ದೇನಾ ಎಂದು ಒಮ್ಮೆ ಖಚಿತ ಮಾಡಿಕೊಳ್ಳಿ. ಟೈರ್ ಹಾಕುವಾಗ ಚಕ್ರಗಳು ಜಾಗ ಬದಲಾಯಿಸಿದ್ದರೆ, ಕೆಲವು ಕಾರುಗಳು ಹಳೆಯ ಜಾಗದ ಹೆಸರಿನಲ್ಲೇ ಅಂಕಿ ತೋರಿಸುತ್ತವೆ. ಮುಂದಿನ ಎಡಗಡೆಯಿಂದ 3 ಪಿಎಸ್‌ಐ ಬಿಟ್ಟು, ಒಂದು ಸುತ್ತು ಹೊಡೆದು, ಪರದೆಯಲ್ಲಿ ಯಾವುದು ಇಳಿಯಿತು ನೋಡಿ. ಅಂಕಿ ಕಾಣುವ ಉಳಿದೆರಡಕ್ಕೂ ಹೀಗೇ ಮಾಡಿ. ಮೂರೂ ಸರಿಯಾದ ಜಾಗದಲ್ಲೇ ಇದ್ದರೆ ಗೀಟು ನಿಜವಾಗಿಯೂ ಹಿಂದಿನ ಬಲಗಡೆಯದೇ. ಇಲ್ಲದಿದ್ದರೆ ನೀವು ಅನುಮಾನ ಪಡುತ್ತಿರುವ ಚಕ್ರ ಬೇರೆ, ಸತ್ತಿರುವ ಸೆನ್ಸರ್ ಬೇರೆ. ಇದನ್ನು ನೋಡದೆ ಟೈರ್ ಬಿಚ್ಚಿಸಿದರೆ ಕೂಲಿ ದಂಡ.

ಓಡುತ್ತಿರುವಾಗ ಯಾವುದಾದರೂ ಅಂಕಿ 33, 29, 24 ಎಂದು ಕಣ್ಣೆದುರೇ ಇಳಿಯತೊಡಗಿದರೆ ಮಾತ್ರ ಬೇರೆ ಏನೂ ಯೋಚಿಸಬೇಡಿ. ಜೋರಾಗಿ ಬ್ರೇಕ್ ಒತ್ತದೆ, ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ. 20ಕ್ಕಿಂತ ಕೆಳಗೆ ಇಳಿದ ಟೈರಿನ ಮೇಲೆ 'ಮುಂದಿನ ಊರಿನವರೆಗೆ' ಎಂದು ಓಡಿಸಿದರೆ ಅದರ ಪಕ್ಕದ ಗೋಡೆ ಒಳಗಿಂದ ಅರೆದುಹೋಗುತ್ತದೆ. ಬಿಚ್ಚಿದಾಗ ಒಳಗೆ ಕಪ್ಪು ಪುಡಿ ಸಿಗುತ್ತದೆ. ಆ ಪುಡಿ ಕಂಡರೆ ಪಂಚರ್ ಹಾಕಿಸಲು ಹೋಗಬೇಡಿ, ಒಂದು ತಿಂಗಳ ಹೊಸ ಟೈರ್ ಆದರೂ ಸರಿ, ಬದಲಾಯಿಸಿ.